ಹೊನ್ನಾಜಿಯ ಮನೆ ಯಾವ ಜಿಲ್ಲೆ

ನಮ್ಮ ಊರಿನಲ್ಲಿ ಬೆಣೆ ಮಾಡುವವನಿಗೆ ಕೆಲಸವಿಲ್ಲದ ದಿನ ಎಂಬುದೇ ಇಲ್ಲ. ಚಳಿಗಾಲದಲ್ಲಿ ಹಿಮದ ಹೊದಿಕೆಯ ಕೆಳಗೆ ಬೆಟ್ಟ ಮಗ್ಗುಲು ಬದಲಿಸುತ್ತದೆ. ಹಿಮ ಕರಗಿದ ಮೇಲೆ ಜನ ಎದ್ದು ನೋಡಿದರೆ ಮಂಚದ ಒಂದು ಕಾಲು ಗಾಳಿಯಲ್ಲಿ ಆಡುತ್ತಿರುತ್ತದೆ, ಒಲೆಯ ಮೇಲಿನ ಹಾಲು ಒಂದೇ ಕಡೆಯಿಂದ ಉಕ್ಕುತ್ತದೆ, ಮುಚ್ಚಿದ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಆಗ ಎಲ್ಲರೂ ನನ್ನ ಅಂಗಡಿಯ ಮುಂದೆ ಬಂದು ನಿಲ್ಲುತ್ತಾರೆ. ಒಬ್ಬರಿಗೆ ಹೆಬ್ಬೆರಳ ದಪ್ಪದ ಬೆಣೆ ಬೇಕು, ಇನ್ನೊಬ್ಬರಿಗೆ ಅಂಗೈ ದಪ್ಪದ್ದು. ಬಯಲುಸೀಮೆಯಿಂದ ಬಂದ ನೆಂಟರು ಇದನ್ನೆಲ್ಲ ನೋಡಿ, "ಇಂಥ ಊರಲ್ಲಿ ಹೆಂಗಪ್ಪಾ ಬಾಳ್ತೀರಿ?" ಎಂದು ಕಣ್ಣರಳಿಸುತ್ತಾರೆ. ನನಗೆ ಅವರ ಊರುಗಳೇ ವಿಚಿತ್ರ. ವರ್ಷವಿಡೀ ಒಂದೇ ಕಡೆ ನಿಂತಿರುವ ನೆಲದ ಮೇಲೆ ನಡೆದು ಅವರಿಗೆ ಬೇಜಾರು ಬರುವುದಿಲ್ಲವೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮ ದೇಶಕ್ಕೆ ಸಮುದ್ರವಿಲ್ಲ. ಸುತ್ತಲೂ ಬೇರೆ ದೇಶಗಳು, ನಡುವೆ ನಮ್ಮ ಬೆಟ್ಟಗಳು. ಹೊಳೆಗಳೆಲ್ಲ ನಮ್ಮಲ್ಲೇ ಹುಟ್ಟುತ್ತವೆ, ನಮ್ಮ ಕಣಿವೆಗಳಲ್ಲೇ ಕುಣಿಯುತ್ತವೆ, ದೊಡ್ಡವಾಗಿ ಉಪಯೋಗಕ್ಕೆ ಬರುವ ಹೊತ್ತಿಗೆ ಪರದೇಶದ ಪಾಲಾಗುತ್ತವೆ. ಆದರೂ ನಮ್ಮ ಹಿರಿಯರಿಗೆ ಹೊಳೆಗಳ ಮೇಲೆಯೇ ನಂಬಿಕೆ. ಅವರು ಜಿಲ್ಲೆಗಳನ್ನು ಹಂಚಿದಾಗ ಗಡಿಕಲ್ಲು ನೆಡಲಿಲ್ಲ, ಬೇಲಿ ಕಟ್ಟಲಿಲ್ಲ. ಯಾವ ನೆಲದ ನೀರು ಯಾವ ಹೊಳೆಗೆ ಸೇರುತ್ತದೋ ಆ ನೆಲ ಆ ಹೊಳೆಯ ಜಿಲ್ಲೆ ಎಂದುಬಿಟ್ಟರು. ಹೀಗೆ ಹದಿನಾಲ್ಕು ಜಿಲ್ಲೆಗಳಾದವು. ಕಣಿವೆಯಲ್ಲಿರುವವರಿಗೆ ಇದರಿಂದ ತಲೆನೋವೇನೂ ಇಲ್ಲ. ಅವರ ನೀರು ಅವರ ಅಜ್ಜನ ಕಾಲದಲ್ಲಿ ಎಲ್ಲಿಗೆ ಹೋಗುತ್ತಿತ್ತೋ ಇಂದಿಗೂ ಅಲ್ಲಿಗೇ ಹೋಗುತ್ತದೆ. ತಾಪತ್ರಯವೆಲ್ಲ ಬೆಟ್ಟದ ಬೆನ್ನಿನ ಮೇಲೆ ಕುಳಿತಿರುವ ನಮ್ಮ ಊರಿಗೆ.

ನಮ್ಮದು ಒಂದೇ ಬೀದಿಯ ಊರು. ಬೀದಿಯ ಒಂದು ಸಾಲಿನ ಮನೆಗಳ ಬೆನ್ನು ಮೂಡಲ ಕಣಿವೆಗೆ, ಎದುರು ಸಾಲಿನ ಮನೆಗಳ ಬೆನ್ನು ಪಡುವಲ ಕಣಿವೆಗೆ. ಎರಡು ಸಾಲಿನವರೂ ಬೀದಿಯ ಕಡೆ ಮುಖ ಮಾಡಿಕೊಂಡು ಒಬ್ಬರ ಅಡುಗೆಯನ್ನು ಇನ್ನೊಬ್ಬರು ಮೂಸಿಕೊಂಡು ಬದುಕುತ್ತೇವೆ. ಪ್ರತಿ ಮನೆಯಲ್ಲೂ ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ನಡುಮನೆಯನ್ನು ಸೀಳಿಕೊಂಡು ಒಂದು ಕಲ್ಲುಕಾಲುವೆ ಹೋಗುತ್ತದೆ. ಚಪ್ಪಡಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನಡುವೆ ಗೀರು ಕೊರೆದು ಮಾಡಿದ ಕಾಲುವೆ. ವರ್ಷಕ್ಕೊಮ್ಮೆ, ಹಿಮ ಕರಗಿದ ಮೇಲೆ, ಎರಡು ಜಿಲ್ಲೆಗಳಿಂದಲೂ ಅಧಿಕಾರಿಗಳು ಬರುತ್ತಾರೆ. ಕಾಲುವೆಯ ನಟ್ಟನಡುವೆ ಒಂದು ಬಿಂದಿಗೆ ನೀರು ಹುಯ್ಯುತ್ತಾರೆ. ನೀರು ಮೂಡಲ ಬಾಗಿಲಿನಿಂದ ಹೊರಗೆ ಹೋದರೆ ಆ ವರ್ಷ ಆ ಮನೆ ಮೂಡಹೊಳೆ ಜಿಲ್ಲೆಯದು, ಪಡುವಲ ಬಾಗಿಲಿನಿಂದ ಹೋದರೆ ಪಡುಹೊಳೆ ಜಿಲ್ಲೆಯದು. ಒಮ್ಮೆ ಬಿಂದಿಗೆ ಬಗ್ಗಿದರೆ ಮುಗಿಯಿತು, ಅದೇ ಮನೆಗೆ ಇನ್ನೊಮ್ಮೆ ಹುಯ್ಯುವಂತಿಲ್ಲ.

ನಾವು ಇದಕ್ಕೆಲ್ಲ ಒಗ್ಗಿಹೋಗಿದ್ದೇವೆ. ಮೂಡಹೊಳೆಯವರಿಗೆ ಸೋಮವಾರ ರಜೆ, ಪಡುಹೊಳೆಯವರಿಗೆ ಶುಕ್ರವಾರ, ಹಾಗಾಗಿ ನೀರು ಬಿದ್ದ ಮಾರನೆಯ ದಿನ ಅರ್ಧ ಊರಿಗೆ ಇಂದು ಕೆಲಸವೋ ರಜೆಯೋ ಗೊತ್ತಾಗುವುದಿಲ್ಲ. ಮೂಡಹೊಳೆಯ ಶಾಲೆಯಲ್ಲಿ ನಮ್ಮ ಬೆಟ್ಟ ದೇಶದ ಮೂರನೆಯ ಎತ್ತರದ ಬೆಟ್ಟ, ಪಡುಹೊಳೆಯ ಶಾಲೆಯಲ್ಲಿ ಅದು ನಾಲ್ಕನೆಯದು. ಮಕ್ಕಳು ಆ ವರ್ಷದ ನೀರು ನೋಡಿಕೊಂಡು ಉತ್ತರ ಬರೆಯುತ್ತಾರೆ. ಮಂಚಕ್ಕೆ, ಒಲೆಗೆ, ಹಿಟ್ಟಿನ ಕಲ್ಲಿಗೆ ಎಷ್ಟು ಬೇಕಾದರೂ ಬೆಣೆ ಕೊಡಬಹುದು. ಆದರೆ ಕಾಲುವೆಯ ಕಲ್ಲಿಗೆ ಬೆಣೆ ಕೊಡುವಂತಿಲ್ಲ. ಕೊಟ್ಟು ಸಿಕ್ಕಿಬಿದ್ದವರ ಮನೆಗೆ ಮೂರು ವರ್ಷ ಬಿಂದಿಗೆ ಬರುವುದಿಲ್ಲ, ಎಂದರೆ ಯಾವ ಜಿಲ್ಲೆಯ ಪರವಾನಗಿಯೂ ಸಿಗುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಅವರ ಮನೆಯ ಮದುವೆಗೆ ಯಾರೂ ಹೋಗುವುದಿಲ್ಲ.

ಬಿಂದಿಗೆ ಹಿಡಿಯುವ ಕೆಲಸ ಅಧಿಕಾರಿಗಳದ್ದಲ್ಲ. ಅದಕ್ಕೆ ಊರಿನವರೇ ಬೇಕು, ಇಬ್ಬರು ಅಧಿಕಾರಿಗಳೂ ಒಪ್ಪುವಂಥವರು ಬೇಕು. ನಮ್ಮಲ್ಲಿ ಆ ಕೆಲಸ ಹೊನ್ನಾಜಿಯದು. ನನ್ನ ಸಾಲಿನಲ್ಲೇ, ಎರಡು ಮನೆ ಆಚೆಗೆ ಅವಳ ಮನೆ. ಅವಳ ತಾಯಿಯೂ ಬಿಂದಿಗೆ ಹಿಡಿದವಳೇ. ಹೊನ್ನಾಜಿ ಮದುವೆಯಾಗಲಿಲ್ಲ. ನಾಲ್ಕು ಜನ ನಗುವಲ್ಲಿ ಅವಳ ತುಟಿ ಅಲ್ಪಸ್ವಲ್ಪ ಅಲುಗಿದರೆ ಹೆಚ್ಚು. ಎತ್ತರದ ಆಳು, ದೊಡ್ಡ ಕೈ, ತುಂಬಿದ ಬಿಂದಿಗೆ ಹಿಡಿದರೂ ಮೊಣಕೈ ಅಲುಗದು. ಒಂದು ವರ್ಷ ಎದುರು ಸಾಲಿನಲ್ಲಿರುವ ಅವಳ ಸ್ವಂತ ಅಣ್ಣ ಬೊಮ್ಮರಸನ ಮನೆಯ ನೀರು ಕೂದಲೆಳೆಯಷ್ಟರಲ್ಲಿ ಪಡುವಲಿಗೆ ಹೋಯಿತು. ಮೂಡಹೊಳೆಯ ಪರವಾನಗಿ ತಪ್ಪಿ ಅವನ ಗಿರಣಿ ನಿಂತಿತು. ಬಿಂದಿಗೆಯನ್ನು ಒಂದು ಬೆರಳು ಈಚೆಗೆ ತಂದಿದ್ದರೆ ಗಿರಣಿ ಉಳಿಯುತ್ತಿತ್ತು ಎಂದು ಅವನು ಇಂದಿಗೂ ಹೇಳುತ್ತಾನೆ. ಆ ದಿನದಿಂದ ಅಣ್ಣ ತಂಗಿಯ ನಡುವೆ ಮಾತಿಲ್ಲ. ಬೀದಿಯಲ್ಲಿ ಎದುರಾದರೆ ಅವನು ಆಕಾಶ ನೋಡುತ್ತಾನೆ, ಅವಳು ಅವನನ್ನೇ ನೋಡಿಕೊಂಡು ಹೋಗುತ್ತಾಳೆ.

ಇಂಥವಳ ಮನೆಗೆ ಮೂರು ಚಳಿಗಾಲದ ಹಿಂದೆ ಮುಗುಳಿ ಬಂದಳು. ಮೂಡಹೊಳೆಯ ಉಪ್ಪಿನ ವ್ಯಾಪಾರಿಯೊಬ್ಬ ಕಣಿವೆದಾರಿಯಲ್ಲಿ ಹಿಮ ಕುಸಿದು ಸತ್ತುಹೋದ. ಅವನ ಹೇಸರಗತ್ತೆಯ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದ ಮಗು ಮಾತ್ರ ಉಳಿಯಿತು. ಅನಾಥ ಮಗು ಎಂದರೆ ಜಿಲ್ಲೆಯ ಮಗು. ಜಿಲ್ಲೆ ಅದನ್ನು ತನ್ನ ಗಡಿಯೊಳಗಿನ ಒಂದು ಮನೆಗೆ ಒಪ್ಪಿಸುತ್ತದೆ. ಆ ವರ್ಷ ಮೂಡಲಿಗೆ ನೀರು ಹೋದ ಮನೆಗಳಲ್ಲಿ ಹೊನ್ನಾಜಿಯದೂ ಒಂದು, ಅಧಿಕಾರಿ ಅವಳನ್ನೇ ಕೇಳಿದ. ಅವಳು ಬೇಡ ಎನ್ನುವಳೆಂದೇ ನಾವೆಲ್ಲ ಬಾಜಿ ಕಟ್ಟಿದ್ದೆವು. ಅವಳು ಮಗುವನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕಾಲು ತಣ್ಣಗಿದೆ," ಎಂದಷ್ಟೇ ಹೇಳಿ ಎತ್ತಿಕೊಂಡು ಒಳಗೆ ಹೋದಳು.

ಮುಗುಳಿಗೆ ಬಾಯಿ ಬಂದಮೇಲೆ ಹೊನ್ನಾಜಿಗೆ ಬಿಡುವೇ ಇಲ್ಲದಂತಾಯಿತು. "ಸಮುದ್ರ ಅಂದ್ರೆ ಎಷ್ಟು ಬಿಂದಿಗೆ?" "ಹೊಳೆ ನಮ್ಮೂರಿಂದ ಹೋಗುವಾಗ ಅಳ್ತದಾ?" "ಬೆಟ್ಟ ಮಗ್ಗುಲು ಹೊರಳಿದ್ರೆ ಅದರ ಕೈ ಎಲ್ಲಿ?" ಸಾಲು ಸಾಲು ಪ್ರಶ್ನೆ. ಯಾರ ಜೊತೆಗೂ ನಾಲ್ಕು ಮಾತಾಡದ ಹೊನ್ನಾಜಿ ರೊಟ್ಟಿ ತಟ್ಟುತ್ತ ಅವಕ್ಕೆಲ್ಲ ಉತ್ತರ ಹೇಳುವುದು ಬೀದಿಗೇ ಕೇಳಿಸುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು. "ಹಾಗಾದ್ರೆ ಇಬ್ರೂ ಸೇರಿ ಯೋಚ್ನೆ ಮಾಡಾಣ," ಎನ್ನುತ್ತಿದ್ದಳು ಮುಗುಳಿ. ನಾನು ಬೆಣೆ ಕೆತ್ತುವುದನ್ನು ನಿಲ್ಲಿಸಿ ಕಿವಿಗೊಟ್ಟು ಕೂತುಬಿಡುತ್ತಿದ್ದೆ, ಬೆಟ್ಟದ ಕೈ ಎಲ್ಲಿದೆಯೆಂದು ನನಗೂ ತಿಳಿಯಬೇಕಿತ್ತು.

ಈ ಸಲ ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ಹೊನ್ನಾಜಿ ನನ್ನ ಅಂಗಡಿಗೆ ಬಂದಳು. ಮುಷ್ಟಿ ಬಿಚ್ಚಿ ತೋರಿಸಿದಳು. ಒಳಗೆ ಒಂದು ಕಡಲೆಕಾಳು.

"ಚೌಡಣ್ಣ, ಕಾಳು ಮುಂಬಾಗಿಲಿಗೆ ಉರುಳ್ತದೆ," ಎಂದಳು.

ಅವಳ ಮನೆಯ ಮುಂಬಾಗಿಲು ಎಂದರೆ ಪಡುವಲು. "ನೆಲ ಸಾರಿಸಿದ್ದು ಏರುಪೇರಾಗಿರ್ತದೆ. ಇನ್ನೊಂದ್ಸಲ ಬಿಟ್ಟು ನೋಡು," ಎಂದೆ.

"ಎಷ್ಟು ಸಲ ಬಿಟ್ರೂ ಅಲ್ಲಿಗೇ ಹೋಗ್ತದೆ. ಮುಗುಳಿಗೆ ಅದೊಂದು ಆಟ ಆಗಿದೆ. ಕಾಳು ಓಡ್ತದೆ, ಹಿಡ್ಕೊಂಡು ಬರ್ತಾಳೆ." ಅವಳು ನಕ್ಕಂತೆ ಮಾಡಿ ನಿಲ್ಲಿಸಿದಳು. "ಮನೆ ಪಡುಹೊಳೆಗೆ ಹೋದ್ರೆ ಅವಳನ್ನ ಕರ್ಕೊಂಡು ಹೋಗ್ತಾರೆ. ಮೂಡಹೊಳೆ ಮಗು ಮೂಡಹೊಳೇಲೇ ಬೆಳೀಬೇಕಂತೆ."

"ಪಕ್ಕದ ಸಾಕವ್ವನ ಮನೆ ಇನ್ನೂ ಮೂಡಲಿಗೇ ವಾಲಿದೆಯಲ್ಲ. ಹೆಸರಿಗೆ ಅಲ್ಲಿ ಬಿಟ್ರೆ?"

"ಮೂಡಹೊಳೆ ಅಧಿಕಾರಿಗೆ ಹೇಳಿಕಳಿಸಿ ಕೇಳ್ದೆ. ಒಂದ್ಸಲ ಕೊಟ್ಟ ಮಗುನ ಎರಡನೇ ಮನೆಗೆ ಕೊಡಲ್ವಂತೆ. ಕೆಳಗೆ ಕಣಿವೇಲಿ ಮಕ್ಕಳ ಮನೆ ಇದೆಯಂತೆ, ಅಲ್ಲಿಗೇ ಸೇರಿಸೋದು. ನಾನೇ ಮನೆ ಬಿಟ್ಟು ಬೇರೆ ಮನೆಗೆ ಹೋದ್ರೂ ಅದು ಲೆಕ್ಕಕ್ಕೆ ಬರೋದು ಮುಂದಿನ ವರ್ಷದ ನೀರಿಂದ."

ನಾನು ಸ್ವಲ್ಪ ಹೊತ್ತು ಉಳಿ ಮಸೆದೆ. ಆಮೇಲೆ ಧೈರ್ಯ ಮಾಡಿ, "ಬಿಂದಿಗೆ ನಿನ್ನ ಕೈಯಲ್ಲೇ ಇರ್ತದಲ್ಲ ಹೊನ್ನಾಜಿ. ಸ್ವಲ್ಪ ಓರೆ ಹಿಡಿದು ಹುಯ್ದ್ರೆ ಯಾರಿಗೆ ಗೊತ್ತಾಗ್ತದೆ?" ಎಂದೆ.

ಅವಳು ಕೋಪ ಮಾಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡು, "ಆಮೇಲೆ ಇದೇ ಕೈಯಲ್ಲಿ ಅವಳಿಗೆ ಹೆಂಗೆ ಬಡಿಸ್ಲಿ?" ಎಂದಳು. ಕಾಳನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದಳು.

ಆ ವಾರ ನನ್ನ ಅಂಗಡಿಯಲ್ಲಿ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಮೊದಲು ಸಾಕವ್ವ ಬಂದಳು. ಗಿಡ್ಡಗೆ ಗುಂಡಗೆ ಇರುವ ಹೆಂಗಸು, ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಒರಳುಕಲ್ಲು ಅಲುಗಾಡುತ್ತದೆ, ಒಂದು ಬೆಣೆ ಬೇಕು ಎಂದಳು. ಎಂಥದ್ದು ಎಂದರೆ ತೆಳ್ಳಗೆ ಅಗಲಕ್ಕೆ ಇರಲಿ ಎಂದಳು. ಒರಳಿಗೆ ಯಾರಾದರೂ ತೆಳ್ಳಗಿನ ಬೆಣೆ ಕೊಡುತ್ತಾರೆಯೇ? ಅಂಥ ಬೆಣೆ ಹೋಗುವುದು ಚಪ್ಪಡಿಯ ಅಡಿಗೆ. ನಾನು ಅವಳ ಕಿವಿ ನೋಡಿದೆ, ಬಾಯಿ ಮುಚ್ಚಿಕೊಂಡು ಬೆಣೆ ಕೊಟ್ಟೆ. ಆಮೇಲೆ ಎದುರು ಸಾಲಿನ ಈರಮಲ್ಲ ಬಂದ. ಹೇಸರಗತ್ತೆ ಹೊಡೆಯುವವನು, ದೊಡ್ಡ ಗಂಟಲು. ಅವನು ಮಾತ್ರ ಪಿಸುದನಿಯಲ್ಲಿ, ಕತ್ತೆ ನೀರು ಕುಡಿಯುವ ಬಾನಿಗೆ ತೆಳ್ಳಗಿನ ಬೆಣೆ ಬೇಕು ಎಂದ. ಶಾಲೆಯ ಮೇಷ್ಟರು ಕರಿಹಲಗೆಗೆ ಬೇಕು ಎಂದರು. ಗೋಡೆಗೆ ನೇತುಹಾಕಿದ ಹಲಗೆಗೆ ಬೆಣೆ ಯಾಕೆ ಎಂದು ನಾನು ಕೇಳಲಿಲ್ಲ. ಕೊನೆಗೆ ಬೊಮ್ಮರಸ ಬಂದ. ಯಾವುದಕ್ಕೆ ಎಂದು ಅವನು ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ. ಆಕಾಶ ನೋಡಿಕೊಂಡು ಕೈ ಚಾಚಿದ, ತೆಗೆದುಕೊಂಡು ಹೋದ.

ಊರಿಗೆ ಊರೇ ಕೆಟ್ಟುಹೋಯಿತಲ್ಲ ಎಂದುಕೊಂಡೆ ನಾನು. ಎಲ್ಲರೂ ತಂತಮ್ಮ ಮನೆಯ ಕಾಲುವೆಗೆ ಬೆಣೆ ಕೊಟ್ಟು ಬೇಕಾದ ಜಿಲ್ಲೆಗೆ ಸೇರಿಕೊಳ್ಳುವ ಹುನ್ನಾರದಲ್ಲಿದ್ದಾರೆ, ಇನ್ನೊಬ್ಬರ ಸಲುವಾಗಿ ಯೋಚಿಸುವವನು ನಾನೊಬ್ಬನೇ ಎಂದು ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ಅದೇ ಅಭಿಮಾನದಲ್ಲಿ ಒಳ್ಳೆಯ ದೇವದಾರಿನ ತುಂಡು ಆರಿಸಿ ನನ್ನ ಸಲುವಾಗಿಯೂ ಒಂದು ಬೆಣೆ ಕೆತ್ತಿದೆ.

ಅಧಿಕಾರಿಗಳು ಬಂದರು. ಮೂಡಹೊಳೆಯ ಅಳಸಿಂಗಯ್ಯ ಬಡಕಲು ಮನುಷ್ಯ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವವನು. ಪಡುಹೊಳೆಯ ಚಂಪಕಾಬಾಯಿ ದಪ್ಪ ಕೋಟು ತೊಟ್ಟ ಹೆಂಗಸು, ಮಾತು ಕಟ್ಟುನಿಟ್ಟು, ಆದರೆ ಯಾರ ಮನೆಯಲ್ಲಿ ಏನು ಕೊಟ್ಟರೂ ತಿನ್ನುತ್ತಾಳೆ. ಬೀದಿಯ ಬಡಗಣ ತುದಿಯಿಂದ ಹುಯ್ಯಲು ಶುರುಮಾಡಿದರು. ಹೊನ್ನಾಜಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಂದಿಗೆ ಹಿಡಿದು ಅವರ ಜೊತೆ, ಮುಗುಳಿ ಶಾಲೆಯಲ್ಲಿ. ಬಿಂದಿಗೆ ಹಿಡಿಯುವವಳ ಮನೆಗೆ ಎಲ್ಲಕ್ಕಿಂತ ಕೊನೆಯ ಸರದಿ, ಅಲ್ಲಿಯವರೆಗೂ ಅದು ಹಗಲೆಲ್ಲ ಖಾಲಿ. ನಮ್ಮೂರಿನಲ್ಲಿ ಬೀಗ ಹಾಕುವ ಪದ್ಧತಿಯೂ ಇಲ್ಲ. ಬಾಗಿಲುಗಳು ವಾಲಿಕೊಂಡಿರುವಾಗ ಬೀಗ ಎಲ್ಲಿ ಕೂರುತ್ತದೆ?

ಒಂದು ಮಧ್ಯಾಹ್ನ ಅವಳ ಜರಡಿ ಹಿಂದಿರುಗಿಸುವ ನೆಪ ಮಾಡಿಕೊಂಡು ನಾನು ಒಳಗೆ ಹೋದೆ. ನಮ್ಮ ಸಾಲಿನ ಮನೆಗಳಲ್ಲಿ ನೀರು ಮೂಡಲಿಗೆ ಹರಿಯಬೇಕಾದರೆ ಮುಂಬಾಗಿಲಿನ ಚಪ್ಪಡಿ ಮೇಲೇಳಬೇಕು. ಮೀಟುಗೋಲು ಹಾಕಿ ಎತ್ತಿದೆ. ಬಹಳ ಕಷ್ಟವಾಗುತ್ತದೆ ಎಂದುಕೊಂಡಿದ್ದರೆ ಕಲ್ಲು ಹಗುರವಾಗಿ ಎದ್ದಿತು. ನನ್ನ ಅದೃಷ್ಟವೇ ಅದೃಷ್ಟ ಎಂದುಕೊಂಡು ಬೆಣೆ ತೂರಿಸಿ, ಮಣ್ಣು ಮೆತ್ತಿ, ಏನೂ ಅರಿಯದವನಂತೆ ಹೊರಗೆ ಬಂದೆ. ಹೊರಡುವಾಗ ಕಂಡದ್ದು ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು. ಮಂಚದ ಮೇಲೆ ಮುಗುಳಿಯ ಬಟ್ಟೆಗಳನ್ನು ಮಡಿಸಿ ಒಂದು ಗಂಟು ಕಟ್ಟಿಟ್ಟಿದ್ದಳು ಹೊನ್ನಾಜಿ. ಗಂಟಿನ ಮೇಲೆ ಹೊಸದಾಗಿ ಹೆಣೆದ ಉಣ್ಣೆಯ ಕಾಲುಚೀಲ ಇತ್ತು, ಮಗುವಿನ ಕಾಲಿಗಿಂತ ಎಷ್ಟೋ ದೊಡ್ಡದು. ಇನ್ನು ಮುಂದಿನ ವರ್ಷಗಳಿಗೂ ಆಗಲಿ ಎಂದು ಹೆಣೆದಿದ್ದಳು.

ಕೊನೆಯ ದಿನ ಹೊನ್ನಾಜಿಯ ಮನೆಯ ಮುಂದೆ ಇಡೀ ಬೀದಿ ಸೇರಿತು. ಅಷ್ಟು ಜನ ಸೇರಿದ್ದು ಯಾಕೆಂದು ಆಗಲೇ ನನಗೆ ಅನುಮಾನ ಬರಬೇಕಿತ್ತು. ಅಳಸಿಂಗಯ್ಯನ ಹೇಸರಗತ್ತೆ ಹೊರಗೆ ನಿಂತಿತ್ತು, ಬೆನ್ನಿಗೆ ಮಗು ಕೂರುವಂಥ ಚಿಕ್ಕ ಜೀನು ಬಿಗಿದಿತ್ತು. ಮುಗುಳಿ ಗಂಟನ್ನು ತಬ್ಬಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ದಿನ ಅವಳು ಯಾರನ್ನೂ ಏನೂ ಕೇಳಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು.

ಹೊನ್ನಾಜಿ ನಡುಮನೆಯಲ್ಲಿ ನಿಂತಳು. ಬೇರೆಯವರ ಮನೆಯಲ್ಲಿ ಹೇಗೆ ನಿಲ್ಲುತ್ತಿದ್ದಳೋ ಹಾಗೆಯೇ, ಎರಡು ಪಾದ ಕಾಲುವೆಯ ಎರಡು ಪಕ್ಕಕ್ಕೆ. ಬಿಂದಿಗೆ ಎತ್ತಿ, ಮೊಣಕೈ ನೇರ ಮಾಡಿ, ಒಂದೇ ಧಾರೆಯಾಗಿ ಹುಯ್ದಳು. ನೀರು ಮೊದಲು ಮುಂಬಾಗಿಲ ಕಡೆಗೆ ಓಡಿತು. ಅರ್ಧ ದಾರಿಯಲ್ಲಿ ಅದು ನಿಂತಿತು, ಯೋಚಿಸಿದಂತೆ ಮಾಡಿತು, ಹಿಂದಕ್ಕೆ ಬಂತು. ನನ್ನ ಬೆಣೆ ಕೆಲಸ ಮಾಡಿತು ಎಂದು ಒಳಗೊಳಗೇ ಹಿಗ್ಗಿದೆ. ನಡುವನ್ನು ದಾಟಿ ಹಿಂಬಾಗಿಲ ಕಡೆಗೆ ಹೊರಟಿತು. ಅಲ್ಲೂ ಅರ್ಧಕ್ಕೆ ನಿಂತಿತು. ಮತ್ತೆ ಹಿಂದಕ್ಕೆ ಬಂತು. ಹೀಗೆ ಅತ್ತ ಇತ್ತ ತೂಗಿ ತೂಗಿ, ಕೊನೆಗೆ ನಡುಮನೆಯ ಮಧ್ಯದಲ್ಲಿ, ಹೊನ್ನಾಜಿಯ ಪಾದಗಳ ನಡುವೆ, ತೆಪ್ಪಗೆ ನಿಂತುಬಿಟ್ಟಿತು.

ಅಳಸಿಂಗಯ್ಯ ಕನ್ನಡಕವನ್ನು ಹಣೆಯಿಂದ ಇಳಿಸಿ ಕುಕ್ಕರಗಾಲಲ್ಲಿ ಕೂತ. ಚಂಪಕಾಬಾಯಿ ಬಾಯಲ್ಲಿದ್ದ ಹುರಿಗಾಳನ್ನು ಅಗಿಯುವುದು ಮರೆತಳು. ಎಷ್ಟು ಹೊತ್ತು ಕಾದರೂ ನೀರು ಅಲುಗಲಿಲ್ಲ. ಆಗ ಹೊನ್ನಾಜಿ ಬಿಂದಿಗೆಯನ್ನು ಕೆಳಗಿಟ್ಟು, ಮುಂಬಾಗಿಲಿಗೆ ನಡೆದು, ಚಪ್ಪಡಿಯ ಅಂಚಿನಲ್ಲಿ ಬೆರಳಾಡಿಸಿದಳು. ಆಮೇಲೆ ಹಿಂಬಾಗಿಲಿಗೆ ಹೋಗಿ ಅಲ್ಲೂ ಬೆರಳಾಡಿಸಿದಳು. ಅವಳ ಮುಖ ಸುಣ್ಣದಂತೆ ಬಿಳಿಚಿಕೊಂಡಿತು. ಸುಮ್ಮನಿರು ಮಾರಾಯಿತಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

"ಸ್ವಾಮಿ, ಕಲ್ಲು ಎತ್ತಿದ್ದಾರೆ," ಎಂದಳು ಹೊನ್ನಾಜಿ. "ಅಡೀಲಿ ಬೆಣೆ ಇದೆ. ನಂಗೊತ್ತಿರಲಿಲ್ಲ. ಆದ್ರೆ ಇದೆ."

"ಯಾರು ಇಟ್ಟಿದ್ದು?" ಅಳಸಿಂಗಯ್ಯ ನಮ್ಮ ಕಡೆ ತಿರುಗಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಕವ್ವ ಮುಂದೆ ಬಂದಳು. "ನಾನು ಸ್ವಾಮಿ. ಮಗು ಹೋಗ್ತದಲ್ಲಾಂತ ಹೊಟ್ಟೆ ಉರೀತು. ಮುಂದಿನ ಕಲ್ಲಿಗೆ ಇಟ್ಟೆ."

"ಅವಳು ಇಟ್ಟಿದ್ದಲ್ಲ, ನಾನು!" ಎಂದು ಮೇಷ್ಟರು ಕೈ ಎತ್ತಿದರು. ನಾನೂ ನನ್ನದೆಂದೆ. ಹಿಂದಿನಿಂದ ಈರಮಲ್ಲನ ದೊಡ್ಡ ಗಂಟಲು ಬಂತು, "ಇವರೆಲ್ಲ ಸುಮ್ಮನೆ ಹೇಳ್ತಾ ಇದಾರೆ ಸ್ವಾಮಿ. ಇಟ್ಟೋನು ನಾನು. ಹಿಂದಿನ ಕಲ್ಲಿಗೆ!"

"ಹಿಂದಿನ ಕಲ್ಲಿಗ್ಯಾಕೆ ಇಟ್ಯೋ ಮಂಕೇ?" ಸಾಕವ್ವನಿಗೆ ಅಧಿಕಾರಿಗಳು ಮರೆತೇಹೋದರು. "ಮೂಡಲಿಗೆ ಹೋಗ್ಬೇಕಾದ್ರೆ ಮುಂದಿನದನ್ನಲ್ವಾ ಎತ್ಬೇಕಾದ್ದು?"

"ನಮ್ಮ ಸಾಲಲ್ಲಿ ಹಿಂದಿನದನ್ನೇ ಎತ್ತೋದು ಕಣವ್ವಾ!"

"ಇದು ನಿಮ್ಮ ಸಾಲಾ?"

ಈರಮಲ್ಲ ಮುಂಬಾಗಿಲನ್ನೊಮ್ಮೆ, ಹಿಂಬಾಗಿಲನ್ನೊಮ್ಮೆ ತಿರುಗಿ ನೋಡಿದ. ಆಗ ಎಲ್ಲರಿಗೂ ಅರ್ಥವಾಯಿತು. ಎದುರು ಸಾಲಿನ ಮನೆಗಳ ಮುಂಬಾಗಿಲು ಇರುವುದೇ ಮೂಡಲಿಗೆ, ಹಾಗಾಗಿ ಅವರು ಹುಟ್ಟಿದಾಗಿನಿಂದ ಮೂಡಲಿಗೆ ವಾಲಿಸುವುದೆಂದರೆ ಹಿಂಬಾಗಿಲು ಎತ್ತುವುದೆಂದೇ ತಿಳಿದವರು. ನಮ್ಮ ಸಾಲಿನವರು ಹೊನ್ನಾಜಿಯ ಮನೆಯ ಮುಂದನ್ನು ಎತ್ತಿದೆವು, ಅವರ ಸಾಲಿನವರು ಹಿಂದನ್ನು ಎತ್ತಿದರು. ಒಬ್ಬೊಬ್ಬನೂ ತಾನೊಬ್ಬನೇ ಎಂದುಕೊಂಡಿದ್ದ. ಎರಡು ತುದಿ ಏರಿ ನಡುಮನೆ ತಗ್ಗಾಯಿತು.

"ಹಿಂದೆ ನಾನೂ ಇಟ್ಟಿದೀನಿ," ಎಂದು ಗೋಡೆಯ ಪಕ್ಕದಿಂದ ಒಂದು ಧ್ವನಿ ಬಂತು. ಬೊಮ್ಮರಸ. ಈ ಸಲ ಅವನು ಆಕಾಶ ನೋಡುತ್ತಿರಲಿಲ್ಲ, ತಂಗಿಯನ್ನೇ ನೋಡುತ್ತಿದ್ದ. "ದಪ್ಪದ್ದೇ ಇಟ್ಟೆ. ತಪ್ಪು ಕಡೆ ಇಟ್ಟೆ. ಬೈಯಿ."

ಹೊನ್ನಾಜಿ ಬೈಯಲಿಲ್ಲ.

ಅಳಸಿಂಗಯ್ಯನೂ ಚಂಪಕಾ‌ಬಾಯಿಯೂ ಮೂಲೆಗೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಆಮೇಲೆ ಅಳಸಿಂಗಯ್ಯ ಗಂಟಲು ಸರಿಮಾಡಿಕೊಂಡ. "ಬೆಣೆ ಇಟ್ಟವರಿಗೆ ಶಿಕ್ಷೆ ಇದ್ದೇ ಇದೆ. ಮೂರು ವರ್ಷ ಅವರ ಮನೆಗಳಿಗೆ ಬಿಂದಿಗೆ ಇಲ್ಲ. ಅಂದರೆ ಇಡೀ ಬೀದಿಗೇ ಇಲ್ಲ ಅಂತ ಕಾಣುತ್ತೆ. ಆದರೆ ಹುಯ್ದ ನೀರನ್ನು ಮತ್ತೆ ಹುಯ್ಯೋ ಹಾಗಿಲ್ಲ. ಕಲ್ಲನ್ನು ಬೆಟ್ಟ ಎತ್ತಿರಲಿ, ಮನುಷ್ಯರು ಎತ್ತಿರಲಿ, ನೀರು ಹೇಳಿದ್ದೇ ಕೊನೆ."

"ನೀರು ಏನೂ ಹೇಳಲೇ ಇಲ್ವಲ್ಲ ಸ್ವಾಮಿ," ಎಂದಳು ಸಾಕವ್ವ.

"ಹೇಳಿದೆ," ಎಂದಳು ಚಂಪಕಾಬಾಯಿ. "ಮೂಡಹೊಳೆಗೂ ಹೋಗಲ್ಲ, ಪಡುಹೊಳೆಗೂ ಹೋಗಲ್ಲ ಅಂತ ಹೇಳಿದೆ. ಹಿರಿಮಡು ಕೇಳಿದೀರಾ?"

ಹಿರಿಮಡು ಎಂದರೆ ನಮ್ಮ ದೇಶದ ಬಡಗಣ ಮೂಲೆಯ ಜಿಲ್ಲೆ. ಎಲ್ಲ ಜಿಲ್ಲೆಗಳಿಗೂ ಒಂದೊಂದು ಹೊಳೆಯಿದ್ದರೆ ಅದಕ್ಕಿಲ್ಲ. ಸುತ್ತ ಬೆಟ್ಟ, ನಡುವೆ ಒಂದು ದೊಡ್ಡ ಮಡು. ಅಲ್ಲಿ ಬಿದ್ದ ಮಳೆ, ಕರಗಿದ ಹಿಮ, ಎಲ್ಲ ಆ ಮಡುವಿಗೇ ಬಂದು ನಿಲ್ಲುತ್ತದೆ, ಹನಿಯೂ ಹೊರಗೆ ಹೋಗುವುದಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಅಷ್ಟೇ. ಅದರ ಕಾನೂನು ಏನೆಂದು ಯಾರು ವಿಚಾರಿಸಿದ್ದರು?

"ಯಾವ ಹೊಳೆಗೂ ಸೇರದೆ ನೀರು ನಿಂತ ನೆಲ ತಾನೇ ಒಂದು ಜಿಲ್ಲೆ," ಎಂದಳು ಚಂಪಕಾಬಾಯಿ, ಪಾಠ ಒಪ್ಪಿಸುವವಳಂತೆ. "ನೀರು ನಿಂತಾಗ ಅಲ್ಲಿ ಯಾರು ಉಂಡು ಮಲಗ್ತಾರೋ ಅವರೇ ಅದರ ಜನ. ಎಲ್ಲಿಂದ ಬಂದರು ಅಂತ ಕೇಳೋ ಹಾಗಿಲ್ಲ. ಅಲ್ಲಿಂದ ನೀರು ಹೊರಗೆ ಹೋಗಲ್ಲ, ಹಾಗೇ ಅಲ್ಲಿಂದ ಯಾರನ್ನೂ ಬೇರೆ ಜಿಲ್ಲೆಯವರು ಕರೆಸಿಕೊಳ್ಳೋ ಹಾಗೂ ಇಲ್ಲ." ಅವಳು ಅಳಸಿಂಗಯ್ಯನ ಕಡೆ ನೋಡಿದಳು. "ಹೌದು ತಾನೆ?"

"ಹೌದು," ಎಂದ ಅಳಸಿಂಗಯ್ಯ. "ಇದು ಹದಿನೈದನೇ ಜಿಲ್ಲೆ. ನಡುಮನೆ, ಅಡುಗೆಮನೆ, ಹಿತ್ತಲಲ್ಲಿ ಒಂದು ಮೇಕೆ. ದೇಶದಲ್ಲಿ ಇದಕ್ಕಿಂತ ಚಿಕ್ಕ ಜಿಲ್ಲೆ ಇಲ್ಲ." ಅವನ ದನಿ ತಗ್ಗಿತು. "ಆದರೆ ಹೊನ್ನಾಜಿಯವರೇ, ಬಿಂದಿಗೆ ಹಿಡಿಯೋರು ಎರಡು ಜಿಲ್ಲೆಯಲ್ಲಿ ಒಂದರವರಾಗಿರಬೇಕು. ಇನ್ನು ಮೇಲೆ ನೀವು ಹಿಡಿಯೋ ಹಾಗಿಲ್ಲ."

ತಾಯಿಯಿಂದ ಬಂದ ಬಿಂದಿಗೆ, ಅಣ್ಣನನ್ನು ಕಳೆದುಕೊಂಡರೂ ಬಿಡದೆ ಹಿಡಿದ ಬಿಂದಿಗೆ. ಅವಳು ಒಂದು ಸಲವಾದರೂ ಅದರ ಕಡೆ ನೋಡುತ್ತಾಳೆಂದು ನಾನು ಅಂದುಕೊಂಡೆ. ಅವಳು ನೋಡಲಿಲ್ಲ. ಕಾಲಿನಿಂದಲೇ ಅದನ್ನು ಅಳಸಿಂಗಯ್ಯನ ಕಡೆಗೆ ಸರಿಸಿ, "ಎಲ್ಲಿಯವರೆಗೆ ಸ್ವಾಮಿ? ಮಗು ನನ್ನ ಹತ್ರ ಎಲ್ಲಿಯವರೆಗೆ ಇರಬಹುದು?" ಎಂದಳು.

"ನೀರು ನಿಂತಿರೋವರೆಗೆ," ಎಂದ ಅವನು.

ಬೀದಿಯವರೆಲ್ಲ ಒಮ್ಮೆಗೇ ಮಾತಾಡತೊಡಗಿದರು. ಸಾಕವ್ವ ಈರಮಲ್ಲನ ಬೆನ್ನಿಗೆ ಗುದ್ದಿದಳು, ಅದು ಬೈಗುಳವೋ ಮೆಚ್ಚುಗೆಯೋ ಅವಳಿಗೇ ಗೊತ್ತಿರಲಿಲ್ಲ. ಈರಮಲ್ಲ ಹೊರಗೆ ಹೋಗಿ ಅಧಿಕಾರಿಯ ಹೇಸರಗತ್ತೆಯ ಜೀನನ್ನು ಯಾರೂ ಹೇಳದೆಯೇ ಬಿಚ್ಚತೊಡಗಿದ. ಹೊನ್ನಾಜಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಸಂತೋಷವಾದಾಗ ಏನು ಮಾಡಬೇಕೆಂಬ ರೂಢಿಯೇ ಅವಳಿಗಿರಲಿಲ್ಲ. ಇಷ್ಟು ಜನ ಒಳಗೆ ನಿಂತಿದ್ದಾರೆ, ನಡುಮನೆಯೆಲ್ಲ ಒದ್ದೆ. ಅವಳು ಒಲೆಯ ಪಕ್ಕದಿಂದ ಬಟ್ಟೆಯೊಂದನ್ನು ತಂದು, ಮಂಡಿಯೂರಿ, ದಿನವೂ ಒರೆಸುವಂತೆ ನೆಲ ಒರೆಸಲು ಹೊರಟಳು.

"ಒರೆಸ್ಬೇಡ!"

ಮುಗುಳಿ ಗಂಟನ್ನು ಎಸೆದು ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಟ್ಟೆಯಿಂದ ನೀರು ತೊಟ್ಟಿಕ್ಕಿತು. "ಒರೆಸ್ಬೇಡ, ನಾನು ಹೋಗಬೇಕಾಗ್ತದೆ. ಒರೆಸ್ಬೇಡ."

ಹೊನ್ನಾಜಿಯ ಕೈಯಿಂದ ಬಟ್ಟೆ ಬಿತ್ತು. ಅವಳು ಆ ನೀರಿನ ಪಕ್ಕದಲ್ಲೇ ಕುಸಿದು ಕೂತು, ಮಗುವನ್ನು ಎದೆಗೆ ಎಳೆದುಕೊಂಡು ಅತ್ತಳು. ಹೊನ್ನಾಜಿ ಅಳುವುದನ್ನು ನಾವು ಯಾರೂ ನೋಡಿರಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ನಾವು ಗೋಡೆ, ತೊಲೆ, ಮೇಕೆ ಎಂದು ನೋಡತೊಡಗಿದೆವು. ಬೊಮ್ಮರಸ ಮಾತ್ರ ಬಂದು ತಂಗಿಯ ಪಕ್ಕದಲ್ಲಿ ಒದ್ದೆ ನೆಲದ ಮೇಲೆಯೇ ಕೂತ.

ಸ್ವಲ್ಪ ಹೊತ್ತಾದ ಮೇಲೆ ಮುಗುಳಿ ಅವಳ ತೋಳಿನಿಂದ ಬಿಡಿಸಿಕೊಂಡು, ಬಗ್ಗಿ, ಕಾಲುವೆಯಲ್ಲಿ ನಿಂತ ನೀರನ್ನು ಸೂಕ್ಷ್ಮವಾಗಿ ನೋಡಿದಳು. ಮುಂಬಾಗಿಲಿನಿಂದ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. "ಕಮ್ಮಿ ಆಗ್ತಾ ಇದೆ," ಎಂದಳು. ಎದ್ದು ಅಡುಗೆಮನೆಗೆ ಹೋದಳು. ಕುಡಿಯುವ ನೀರಿನ ಹಂಡೆಯಿಂದ ಒಂದು ಲೋಟ ತುಂಬಿಕೊಂಡು, ಚೆಲ್ಲದಂತೆ ಎರಡು ಕೈಯಲ್ಲಿ ಹಿಡಿದು ತಂದು, ಅದಕ್ಕೆ ಸುರಿದಳು. ಹುಯ್ದ ನೀರಿಗೆ ಹನಿ ಸೇರಿಸುವುದಾಗಲಿ ಕಳೆಯುವುದಾಗಲಿ ನಮ್ಮೂರು ಹುಟ್ಟಿದ ಮೇಲೆ ನಡೆದದ್ದಿಲ್ಲ. ನಾವೆಲ್ಲ ಅಧಿಕಾರಿಗಳ ಮುಖ ನೋಡಿದೆವು. ಅಳಸಿಂಗಯ್ಯ ಗೋಡೆಯ ಕಡೆ ತಿರುಗಿಕೊಂಡು ಕನ್ನಡಕ ಒರೆಸುತ್ತಿದ್ದ.

"ಇನ್ನೊಂದು ಲೋಟ ಹಾಕು ಮಗು," ಎಂದಳು ಚಂಪಕಾಬಾಯಿ. "ಬಿಸಿಲು ಜೋರಾಗಿದೆ."